ಜೈಲಿನಿಂದ ಬರುವ ಫೋನ್: ಯಾಕೆ ತಪ್ಪುತ್ತದೆ, ತಪ್ಪದಿರಲು ಮನೆಯವರು ಏನು ಮಾಡಬೇಕು

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಹಳ್ಳಿ. ಹೊಡೆದಾಟದ ಕೇಸಿನಲ್ಲಿ ನಮ್ಮ ಯಜಮಾನರು ಮೂರು ವಾರದಿಂದ ಚಿತ್ರದುರ್ಗದ ಜಿಲ್ಲಾ ಕಾರಾಗೃಹದಲ್ಲಿದ್ದಾರೆ. ಒಂದು ಸಲ ಅಲ್ಲಿಂದ ಫೋನ್ ಬಂತು, ಮಾತು ಅರ್ಧಕ್ಕೇ ಕಟ್ ಆಯಿತು. ಇನ್ನೊಂದು ಸಲ ಬಂದಾಗ ನಾವು ಎತ್ತಲಿಲ್ಲ. ಆಮೇಲೆ ಬಂದೇ ಇಲ್ಲ. ವಾಪಸ್ ಮಾಡಿದರೆ ಹೋಗುವುದಿಲ್ಲ. ಮೊನ್ನೆ ಯಾರೋ ಫೋನ್ ಮಾಡಿ, 3,000 ರೂಪಾಯಿ ಹಾಕಿದರೆ ದಿನಾ ರಾತ್ರಿ ನಿಮ್ಮವರ ಜೊತೆ ಮಾತಾಡಿಸುತ್ತೇನೆ ಅಂದರು. ಹಾಕಬಹುದಾ? ಫೋನಿನಲ್ಲಿ ಕೇಸಿನ ವಿಷಯ ಮಾತಾಡಬಹುದಾ?

ಉತ್ತರ: ಮೊದಲು ಆ 3,000 ರೂಪಾಯಿಯ ಮಾತು. ಹಾಕಬೇಡಿ. ಒಂದು ರೂಪಾಯಿಯನ್ನೂ ಹಾಕಬೇಡಿ.

ಆ ಕರೆ ಎರಡರಲ್ಲಿ ಒಂದು. ಒಂದೋ ಪೂರ್ತಿ ಮೋಸ. ಇಲ್ಲವೇ ಒಳಗೆ ಕದ್ದು ತರಿಸಿಟ್ಟುಕೊಂಡ ಮೊಬೈಲಿನ ದಂಧೆ. "ಯಜಮಾನರ ಹೆಸರು, ಊರು, ಕೇಸು ಎಲ್ಲ ಸರಿಯಾಗಿ ಹೇಳಿದರಲ್ಲ, ಹಾಗಾದರೆ ಒಳಗಿನವರೇ ಇರಬೇಕು" ಎಂದು ನಿಮಗೆ ಅನ್ನಿಸಿರಬಹುದು. ಹಾಗೆ ತಿಳಿಯಬೇಡಿ. ಕೆಲವು ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದೆಲ್ಲ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಆದೇಶಿಸಿದೆ. ಆರೋಪಿಯ ಹೆಸರು, ಊರು, ಸೆಕ್ಷನ್ ಯಾರಿಗೆ ಬೇಕಾದರೂ ಸಿಗುತ್ತವೆ. ಮೋಸಗಾರರು ಅದನ್ನೇ ಎದುರಿಗಿಟ್ಟುಕೊಂಡು ಮಾತಾಡುತ್ತಾರೆ. ಮನೆಯವರು ಯಾರಾದರೂ ಆಗಲೇ ಹಣ ಹಾಕಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಈಗಲೇ ಫೋನ್ ಮಾಡಿ. ಬೇಗ ಮಾಡಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. "ನಿಮ್ಮ ಫೋನಿನಿಂದ ಸ್ಟಾರ್ 401 ಒತ್ತಿ ಈ ನಂಬರ್ ಹಾಕಿ, ಲೈನ್ ಸಿಗುತ್ತದೆ" ಎಂದರೆ ಅದನ್ನೂ ಮಾಡಬೇಡಿ. ನಿಮಗೆ ಬರುವ ಕರೆಗಳೆಲ್ಲ ಅವರ ಫೋನಿಗೆ ತಿರುಗಲಿ ಎಂದು ಹೂಡುವ ಉಪಾಯ ಅದು. ಕರೆ ತಿರುಗಿದರೆ ಬ್ಯಾಂಕಿನ ಒಟಿಪಿಯೂ ಅವರ ಕೈಗೆ ಹೋಗಬಹುದು, ಜೈಲಿನಿಂದ ಬರುವ ಅಸಲಿ ಫೋನೂ ಅವರಿಗೇ ಹೋಗುತ್ತದೆ.

ಕರೆ ಮಾಡಿದವನು ನಿಜಕ್ಕೂ ಒಳಗಿನವನೇ ಆಗಿದ್ದರೆ ಕಷ್ಟ ಇನ್ನೂ ದೊಡ್ಡದು. ಜೈಲಿನೊಳಗೆ ಮೊಬೈಲ್ ಸಾಗಿಸುವುದು, ಇಟ್ಟುಕೊಳ್ಳುವುದು, ಬಳಸುವುದು ಕರ್ನಾಟಕ ಕಾರಾಗೃಹ ಅಧಿನಿಯಮ 1963ರ ಪ್ರಕಾರ ಅಪರಾಧ. ತಪಾಸಣೆಯಲ್ಲಿ ಆ ಮೊಬೈಲ್ ಸಿಕ್ಕ ದಿನ ಅದರ ಕರೆ ವಿವರ ತೆಗೆಸುತ್ತಾರೆ. ಅದರಲ್ಲಿ ದಿನಾ ರಾತ್ರಿ ನಿಮ್ಮ ನಂಬರ್ ಇರುತ್ತದೆ, ಹಣ ಹೋದ ಯುಪಿಐ ದಾಖಲೆಯಲ್ಲಿ ನಿಮ್ಮ ಹೆಸರಿರುತ್ತದೆ. ನಿಮ್ಮ ಯಜಮಾನರ ಮೇಲೆ ಇನ್ನೊಂದು ಎಫ್‌ಐಆರ್, ಈಗಿರುವ ಜಾಮೀನು ಅರ್ಜಿಗೆ ಅಡ್ಡಿ, ಅಧಿಕೃತ ಫೋನೂ ಬಂದ್. ಚಿತ್ರದುರ್ಗದಿಂದ ಕಲಬುರಗಿಗೋ ವಿಜಯಪುರಕ್ಕೋ ವರ್ಗ ಮಾಡಿದರಂತೂ ನೋಡಿಕೊಂಡು ಬರಲು ನಿಮಗೆ ಎರಡು ದಿನದ ಕೂಲಿ ಹೋಗುತ್ತದೆ. ಹೊಡೆದಾಟದ ಕೇಸಿಗೆ ಜಾಮೀನು ಸಿಗುವ ಹೊತ್ತಿನಲ್ಲಿ ಇದನ್ನು ಮೈಮೇಲೆ ಎಳೆದುಕೊಳ್ಳಬೇಡಿ.

ಈಗ ಅಧಿಕೃತ ಫೋನ್ ಹೇಗೆ ನಡೆಯುತ್ತದೆ ನೋಡಿ. ಇದು ತಿಳಿದರೆ ಕರೆ ಯಾಕೆ ನಿಂತಿತು ಎಂಬುದು ಅರ್ಧ ತಿಳಿದಂತೆ. ಒಳಗಿರುವವರು ತಾವು ಮಾತಾಡಬೇಕಾದ ನಂಬರ್, ಅದು ಯಾರದು, ತಮಗೆ ಏನಾಗಬೇಕು ಎಂದು ಅರ್ಜಿ ಕೊಡುತ್ತಾರೆ. ಸಿಬ್ಬಂದಿ ಆ ನಂಬರನ್ನು ಪರಿಶೀಲಿಸಿ ದಾಖಲು ಮಾಡುತ್ತಾರೆ. ದಾಖಲಾದ ನಂಬರಿಗೆ ಮಾತ್ರ ಕರೆ ಹೋಗುತ್ತದೆ. ಕರೆ ಮಾಡುವಾಗ ಕೈದಿಯನ್ನು ಗುರುತಿಸುವ ಕ್ರಮ ಜೈಲಿಗೆ ತಕ್ಕಂತೆ ಇರುತ್ತದೆ. ಕೆಲವು ಕಡೆ ಬೆರಳಚ್ಚು, ಕೆಲವು ಕಡೆ ಕಾರ್ಡು ಅಥವಾ ಗುಪ್ತಸಂಖ್ಯೆ, ಚಿಕ್ಕ ಜೈಲುಗಳಲ್ಲಿ ರಿಜಿಸ್ಟರಿನಲ್ಲಿ ಬರೆದುಕೊಂಡು ಸಿಬ್ಬಂದಿಯ ಎದುರಲ್ಲೇ ಮಾತು. ವಾರಕ್ಕೆ ಎಷ್ಟು ಕರೆ, ಒಂದು ಕರೆಗೆ ಎಷ್ಟು ನಿಮಿಷ ಎಂಬುದನ್ನು ಆಯಾ ಜೈಲಿನಲ್ಲಿ ಗೊತ್ತು ಮಾಡಿರುತ್ತಾರೆ. ನಿಮಿಷ ಮುಗಿದರೆ ಲೈನ್ ತಾನಾಗಿಯೇ ಕಟ್ ಆಗುತ್ತದೆ. ನಿಮ್ಮ ಮೊದಲ ಕರೆ ಅರ್ಧಕ್ಕೆ ನಿಂತಿದ್ದು ಬಹುಪಾಲು ಇದರಿಂದಲೇ. ಯಾರೋ ಸಿಟ್ಟಿನಿಂದ ಕಿತ್ತುಕೊಂಡರು ಎಂದು ಹೆದರಬೇಡಿ. ಹೊರಗಿನಿಂದ ಒಳಗೆ ಫೋನ್ ಮಾಡುವ ವ್ಯವಸ್ಥೆ ಇಲ್ಲ. ಹಾಗಾಗಿ ವಾಪಸ್ ಮಾಡಿದರೆ ಹೋಗದಿರುವುದು ಸಹಜ.

ಕೇಂದ್ರ ಗೃಹ ಸಚಿವಾಲಯದ 2016ರ ಮಾದರಿ ಕಾರಾಗೃಹ ಕೈಪಿಡಿಯ ಪ್ರಕಾರ, ಸೌಲಭ್ಯ ಇರುವ ಕಡೆ ಕೈದಿಯು ಹಣ ಕೊಟ್ಟು ಮನೆಯವರಿಗೂ ವಕೀಲರಿಗೂ ಫೋನ್ ಮಾಡಲು ಅಧೀಕ್ಷಕರು ಅವಕಾಶ ಕೊಡಬಹುದು. ಒಬ್ಬ ಅಧಿಕಾರಿ ಆ ಮಾತನ್ನು ಗಮನಿಸುತ್ತಿರಬೇಕು. ಹಣ ಕೊಟ್ಟು ಎಂದರೆ ಒಳಗಿರುವವರ ಹೆಸರಿನ ಪಿಪಿಸಿ ಖಾತೆಯಿಂದ, ಅಂದರೆ ಕೈದಿಯ ಸ್ವಂತ ಹಣವೆಂದು ಜೈಲಿನಲ್ಲಿ ಬರೆದಿಟ್ಟುಕೊಳ್ಳುವ ಲೆಕ್ಕದಿಂದ. ಅದರಲ್ಲಿ ಹಣವಿಲ್ಲದಿದ್ದರೆ ಫೋನೂ ಇಲ್ಲ. ಮೂರು ವಾರದಲ್ಲಿ ನೀವು ಆ ಖಾತೆಗೆ ಏನೂ ಕಟ್ಟಿಲ್ಲವಾದರೆ ಮೊದಲು ವಿಚಾರಿಸಬೇಕಾದ್ದು ಅದನ್ನೇ. ಗೇಟಿನಲ್ಲಿ ಕೇಳಿ, ರಸೀದಿ ಪಡೆದು ಕಟ್ಟಿ. ರಸೀದಿ ಕೊಡದ ಕೈಗೆ ಹಣ ಕೊಡಬೇಡಿ.

ಇನ್ನು ನಂಬರಿನ ವಿಷಯ. ಹೆಚ್ಚು ಮನೆಗಳು ಎಡವುವುದು ಇಲ್ಲೇ. ಬಂಧನವಾದ ದಿನ ಪೊಲೀಸರು ಆರೋಪಿಯ ಮೊಬೈಲ್ ಜಪ್ತಿ ಮಾಡುತ್ತಾರೆ. ಈಗ ಹೆಂಡತಿಯ ನಂಬರನ್ನೂ ಬಾಯಿಪಾಠ ಮಾಡಿಕೊಂಡವರು ಕಡಿಮೆ. ಮೊಬೈಲಿನಲ್ಲಿ "ಮನೆ" ಎಂದು ಒತ್ತಿ ಮಾತಾಡಿದ್ದೇ ಅಭ್ಯಾಸ. ಜೈಲಿನ ಅರ್ಜಿಯಲ್ಲಿ ನೆನಪಿನಿಂದ ಬರೆದ 10 ಅಂಕಿಗಳಲ್ಲಿ ಒಂದು ಹಿಂದುಮುಂದಾದರೂ ದಾಖಲಾಗುವುದು ಬೇರೆಯವರ ನಂಬರ್. ಅವರು ಅಲ್ಲಿಂದ ಮಾಡುತ್ತಲೇ ಇರುತ್ತಾರೆ, ಇಲ್ಲಿ ನೀವು ಕಾಯುತ್ತಲೇ ಇರುತ್ತೀರಿ. ನಿಮ್ಮ ಮನೆಗೆ ಎರಡು ಸಲ ಕರೆ ಬಂದಿರುವುದರಿಂದ ಈ ನಂಬರ್ ಸರಿಯಾಗಿಯೇ ದಾಖಲಾಗಿದೆ. ಆದರೆ ಒಂದೇ ನಂಬರ್ ಸಾಲದು. ಮುಂದಿನ ಭೇಟಿಗೆ ಹೋಗುವಾಗ ಬಿಳಿ ಹಾಳೆಯಲ್ಲಿ ದೊಡ್ಡದಾಗಿ ಎರಡನೇ ನಂಬರ್ ಬರೆದುಕೊಂಡು ಹೋಗಿ. ಅದು ಯಾರದು, ಸಂಬಂಧ ಏನು, ಸಿಮ್ ಯಾರ ಹೆಸರಿನಲ್ಲಿದೆ ಎಂಬುದನ್ನೂ ಬರೆಯಿರಿ. ಜೊತೆಗೆ ಆಧಾರ್ ನಕಲು ಇರಲಿ.

ಸಿಮ್ ಯಾರ ಹೆಸರಿನಲ್ಲಿದೆ ಎಂದು ಯಾಕೆ ಒತ್ತಿ ಹೇಳುತ್ತೇನೆಂದರೆ, ಹಳ್ಳಿ ಮನೆಗಳಲ್ಲಿ ಹೆಂಡತಿ ಬಳಸುವ ಸಿಮ್ ಗಂಡನ ಹೆಸರಿನಲ್ಲೋ, ಮೈದುನನ ಹೆಸರಿನಲ್ಲೋ, ಕೆಲವೊಮ್ಮೆ ಸಂತೆಯಲ್ಲಿ ಸಿಮ್ ಮಾರಿದವನು ತುಂಬಿದ ಯಾವುದೋ ಹೆಸರಿನಲ್ಲೋ ಇರುತ್ತದೆ. ಪರಿಶೀಲನೆಗೆ ದಾಖಲೆ ಕೇಳಿದಾಗ ಹೆಸರು ತಾಳೆಯಾಗದೆ ನಂಬರ್ ತಿರಸ್ಕೃತವಾಗುತ್ತದೆ. ನಿಮ್ಮ ಹೆಸರಿನಲ್ಲಿ ಯಾವ ಯಾವ ನಂಬರುಗಳಿವೆ ಎಂದು ಸಂಚಾರ ಸಾಥಿ ಜಾಲತಾಣದಲ್ಲಿ ಒಟಿಪಿ ಹಾಕಿ ನೋಡಬಹುದು. ತಾಳೆ ಇಲ್ಲದಿದ್ದರೆ ಕಂಪನಿಯ ಅಂಗಡಿಗೆ ಹೋಗಿ ಹೆಸರು ಬದಲಾಯಿಸಿಕೊಳ್ಳಿ. ಈ ಗದ್ದಲದಲ್ಲಿ ಹೊಸ ನಂಬರ್ ಮಾತ್ರ ತಗೊಳ್ಳಬೇಡಿ. ನಂಬರ್ ಬದಲಾದರೆ ಅರ್ಜಿ, ಪರಿಶೀಲನೆ ಎಲ್ಲ ಮೊದಲಿನಿಂದ ಆಗಬೇಕು. ನೆಟ್‌ವರ್ಕ್ ಸರಿಯಿಲ್ಲವೆಂದು ಬೇರೆ ಕಂಪನಿಗೆ ಹೋಗುವುದಿದ್ದರೆ ಅದೇ ನಂಬರ್ ಉಳಿಸಿಕೊಂಡು ಪೋರ್ಟ್ ಮಾಡಿಸಿ. ಪೋರ್ಟ್ ಆಗುವ ಕೆಲವು ಗಂಟೆ ಸಿಗ್ನಲ್ ಇರುವುದಿಲ್ಲ. ಅದು ಕರೆ ಬರುವ ದಿನವಾಗದಂತೆ ನೋಡಿಕೊಳ್ಳಿ.

ಈಗ ನಿಮ್ಮ ಮನೆಯ ಫೋನ್. ಎತ್ತದೆ ಹೋದ ಆ ಎರಡನೇ ಕರೆ ಬಂದಾಗ ಏನಾಗಿತ್ತು ಎಂದು ಜ್ಞಾಪಿಸಿಕೊಳ್ಳಿ. ಮನೆಗೆಲ್ಲ ಒಂದೇ ಫೋನ್, ಅದು ಮಗನ ಜೇಬಿನಲ್ಲಿ, ಮಗ ಮೆಕ್ಕೆಜೋಳ ಒಕ್ಕುವ ಮಷಿನ್ ಪಕ್ಕ. ಆ ಸದ್ದಿನಲ್ಲಿ ರಿಂಗ್ ಯಾರಿಗೂ ಕೇಳಿಸುವುದಿಲ್ಲ. ಅಥವಾ ಫೋನ್ ತಗಡಿನ ಮಾಡಿನ ಒಳಕೋಣೆಯಲ್ಲಿ, ದಪ್ಪ ಕಲ್ಲುಗೋಡೆಯ ಹಿಂದೆ ಚಾರ್ಜಿಗೆ ಇದ್ದರೆ ಸಿಗ್ನಲ್ ಒಂದು ಕಡ್ಡಿಗೆ ಇಳಿದಿರುತ್ತದೆ. ಒಳಗಿನವರಿಗೆ "ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ" ಎಂದು ಕೇಳುತ್ತದೆ, ಅವರ ಸರದಿ ಮುಗಿಯುತ್ತದೆ, ಸಾಲಿನಲ್ಲಿ ಹಿಂದೆ ನಿಂತವರು ಮುಂದೆ ಬರುತ್ತಾರೆ. ಮತ್ತೊಂದು ಸರದಿಗೆ ದಿನಗಟ್ಟಲೆ ಕಾಯಬೇಕಾಗಬಹುದು. ಅದಕ್ಕೇ ಹೇಳುವುದು, ಕರೆ ಬರುವ ವೇಳೆ ಯಾವುದೆಂದು ಅವರನ್ನೇ ಕೇಳಿ ತಿಳಿದುಕೊಳ್ಳಿ. ಸಾಮಾನ್ಯವಾಗಿ ಅದು ಹಗಲು, ಬ್ಯಾರಕ್ ಬೀಗ ಹಾಕುವ ಮುಂಚೆ. ಆ ಹೊತ್ತಿಗೆ ಫೋನ್ ಕಿಟಕಿಯ ಮೊಳೆಗೆ ನೇತುಹಾಕಿದ ಚೀಲದಲ್ಲೋ, ಹೊರಗಿನ ಕಟ್ಟೆಯ ಮೇಲೋ, ಎಲ್ಲಿ ಸಿಗ್ನಲ್ ಪೂರ್ತಿ ಇರುತ್ತದೋ ಅಲ್ಲಿರಲಿ. ಒಬ್ಬರು ಹತ್ತಿರ ಇರಲಿ.

ಫೋನಿನ ಸೆಟ್ಟಿಂಗನ್ನೂ ತಿಳಿದವರಿಂದ ನೋಡಿಸಿ. ಜೈಲಿನ ಕರೆ ನಿಮಗೆ ಗುರುತಿಲ್ಲದ ನಂಬರಿನಿಂದ ಬರುತ್ತದೆ. ಅದೇ ನಂಬರಿನಿಂದ ನೂರಾರು ಮನೆಗಳಿಗೆ ಕರೆ ಹೋಗುವುದರಿಂದ ಟ್ರೂಕಾಲರ್‌ನಂಥ ಆ್ಯಪ್‌ಗಳು ಅದನ್ನು ಸ್ಪ್ಯಾಮ್ ಎಂದು ಗುರುತು ಹಾಕಿ ರಿಂಗ್ ಆಗದಂತೆ ತಡೆಯಬಹುದು. ಗುರುತಿಲ್ಲದ ಕರೆ ತಡೆಯುವ ಆಯ್ಕೆ, ಸ್ಪ್ಯಾಮ್ ತಡೆ, ಡಿಸ್ಟರ್ಬ್ ಬೇಡ ಎಂಬ ಚಂದ್ರನ ಗುರುತು, ಮೂರನ್ನೂ ಆಫ್ ಮಾಡಿ. ಹಿಂದಿನ ಕರೆ ಪಟ್ಟಿಯಲ್ಲಿ ಆ ನಂಬರ್ ಇನ್ನೂ ಇದ್ದರೆ ಹುಡುಕಿ "ದುರ್ಗ ಜೈಲು" ಎಂದು ಸೇವ್ ಮಾಡಿ, ರಿಂಗ್‌ಟೋನ್ ಬೇರೆ ಹಾಕಿ. ಬಟನ್ ಫೋನಾದರೆ ಬ್ಲ್ಯಾಕ್‌ಲಿಸ್ಟ್ ತೆರೆದು ನೋಡಿ. ಮಕ್ಕಳು ಆಟವಾಡುತ್ತಾ ಒತ್ತಿ ಸೇರಿಸಿಬಿಟ್ಟಿರುತ್ತಾರೆ. ಕರೆ ಫಾರ್ವರ್ಡ್ ಆಗಿದೆಯೇ ಎಂಬುದನ್ನೂ ಕರೆ ಸೆಟ್ಟಿಂಗ್‌ನಲ್ಲೇ ನೋಡಿ ತೆಗೆಸಿ. ರೀಚಾರ್ಜ್ ಮರೆಯಬೇಡಿ. ವ್ಯಾಲಿಡಿಟಿ ಮುಗಿದ ತಕ್ಷಣ ಹೊರಹೋಗುವ ಕರೆ ನಿಲ್ಲುತ್ತದೆ, ಕೆಲವು ದಿನ ಬಿಟ್ಟು ಒಳಬರುವ ಕರೆಯೂ ನಿಲ್ಲುತ್ತದೆ. "ನಮಗೆ ಬರೋದಷ್ಟೇ ಬೇಕು, ಮಾಡೋದಿಲ್ಲ" ಎಂದು ರೀಚಾರ್ಜ್ ಬಿಟ್ಟ ಮನೆಗಳಿಗೆ ಕರೆ ತಪ್ಪುವುದು ಹೀಗೆ.

ಎತ್ತಿದ ಮೇಲೆ ಫೋನನ್ನು ಯಾರಿಗೂ ಕಾನ್ಫರೆನ್ಸ್ ಹಾಕಬೇಡಿ. ಬೆಂಗಳೂರಿನಲ್ಲಿರುವ ಅಣ್ಣನನ್ನೂ ಸೇರಿಸೋಣ ಎನ್ನಿಸುತ್ತದೆ. ಆದರೆ ದಾಖಲಾಗದ ವ್ಯಕ್ತಿಯ ಜೊತೆ ಮಾತಾಡಿದಂತಾಗಿ ಸೌಲಭ್ಯವೇ ಹೋಗಬಹುದು. ಅಣ್ಣ ಮಾತಾಡಲೇಬೇಕಿದ್ದರೆ ಅವರ ನಂಬರನ್ನೇ ದಾಖಲು ಮಾಡಿಸಿ.

ಕೇಸಿನ ವಿಷಯ ಮಾತಾಡಬಹುದೇ ಎಂದು ಕೇಳಿದ್ದೀರಿ. ಬೇಡ. ಆ ಮಾತನ್ನು ಒಬ್ಬರು ಕೇಳುತ್ತಿರುತ್ತಾರೆ ಅಥವಾ ಅದು ರೆಕಾರ್ಡ್ ಆಗುತ್ತಿರುತ್ತದೆ ಎಂದೇ ತಿಳಿದು ಮಾತಾಡಿ. ಕೋಲು ಎಲ್ಲಿದೆ, ಅವತ್ತು ಯಾರು ಮೊದಲು ಹೊಡೆದರು, ಯಾರು ಸಾಕ್ಷಿ ಹೇಳುತ್ತಾರೆ, ಇವೆಲ್ಲ ಬೇಡವೇ ಬೇಡ. "ಅವರ ಮನೆಗೆ ಹೋಗಿ ಒಂದು ಮಾತು ಹೇಳಿ ಬಾ" ಎಂದು ಅವರು ಹೇಳಿದರೂ, "ಹೂಂ, ಹೋಗ್ತೀನಿ" ಎಂದು ನೀವು ಒಪ್ಪಿದರೂ, ಅದು ಸಾಕ್ಷಿಯನ್ನು ಬೆದರಿಸಿದಂತೆ ಕಾಣಬಹುದು. ಸುಳ್ಳು ಸಾಕ್ಷಿ ಹೇಳುವಂತೆ ಬೆದರಿಸುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಪ್ರತ್ಯೇಕ ಅಪರಾಧ. ನೀವು ರಾಜಿಯ ಆಸೆಯಿಂದಲೇ ಹೋಗಿರಬಹುದು, ಜಾಮೀನಿಗೆ ತಕರಾರು ಹಾಕುವವರು ಅದನ್ನೇ ಎತ್ತಿ ಹಿಡಿಯುತ್ತಾರೆ. ರಾಜಿ ಮಾತು ಏನಿದ್ದರೂ ವಕೀಲರ ಮೂಲಕ ಆಗಲಿ. ವಕೀಲರು ಜೈಲಿಗೇ ಹೋಗಿ ಭೇಟಿ ಮಾಡಿದಾಗ ಸಿಬ್ಬಂದಿಗೆ ಅವರು ಕಾಣಬೇಕು, ಆದರೆ ಮಾತು ಕೇಳಿಸಬಾರದು ಎಂಬುದು ಮಾದರಿ ಕೈಪಿಡಿಯ ನಿಯಮ. ಕೇಸಿನ ಮಾತು ಆಡಬೇಕಾದ ಜಾಗ ಅದು. ಹಾಗಾಗಿ ವಕೀಲರ ಜೊತೆಗೂ ಜೈಲಿನ ಫೋನಿನಲ್ಲಿ ಘಟನೆಯ ವಿವರ ಬೇಡ, ತಾರೀಖು ಮತ್ತು ಸಹಿಯ ವಿಷಯ ಸಾಕು.

ಆಗ ಆ ನಾಲ್ಕೈದು ನಿಮಿಷದಲ್ಲಿ ಏನು ಮಾತಾಡುವುದು? ಅಳುವಿನಲ್ಲಿ ಎರಡು ನಿಮಿಷ ಹೋಗುತ್ತದೆ. ಅದು ಹೋಗಲಿ, ತಪ್ಪಲ್ಲ. ಆದರೆ ಫೋನ್ ಪಕ್ಕ ಒಂದು ಚೀಟಿ ಇಟ್ಟುಕೊಂಡಿರಿ. ಮೊದಲು ಮೈ ಹೇಗಿದೆ, ಬಿಪಿ ಮಾತ್ರೆಯೋ ಸಕ್ಕರೆ ಮಾತ್ರೆಯೋ ಸಿಗುತ್ತಿದೆಯೇ ಎಂದು ಕೇಳಿ. ಸಿಗುತ್ತಿಲ್ಲವೆಂದರೆ ವೈದ್ಯರ ಚೀಟಿಯ ನಕಲು ಹಿಡಿದು ಗೇಟಿಗೆ ಹೋಗಿ, ಜೈಲಿನ ವೈದ್ಯರಿಗೆ ತಲುಪಿಸಲು ಅರ್ಜಿ ಕೊಡಿ. ಆಮೇಲೆ ಮುಂದಿನ ಕೋರ್ಟ್ ತಾರೀಖು. ಒಳಗಿನವರಿಗಿಂತ ಅದು ನಿಮಗೇ ಮೊದಲು ತಿಳಿಯುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಎಫ್‌ಐಆರ್ ನಂಬರ್ ಹಾಕಿಯೋ ಕೋರ್ಟು ಪ್ರತಿ ಕೇಸಿಗೂ ಕೊಡುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಹಾಕಿಯೋ ನೋಡಿಟ್ಟುಕೊಂಡು ಹೇಳಿ. ನಂತರ ಹಣ, ಬಟ್ಟೆ, ಮುಂದಿನ ಭೇಟಿ ಯಾವತ್ತು ಎಂಬುದು. ಮಕ್ಕಳಿಗೆ ಕೊಡುವ ನಿಮಿಷವನ್ನು ಕೊನೆಗೆ ಇಡಬೇಡಿ, ಮಧ್ಯದಲ್ಲಿ ಕೊಡಿ. ಕೊನೆಗೆ ಇಟ್ಟರೆ "ಅಪ್ಪಾ" ಎನ್ನುವಷ್ಟರಲ್ಲಿ ಲೈನ್ ಹೋಗುತ್ತದೆ, ಮಗು ಅದನ್ನೇ ಮನಸ್ಸಿಗೆ ಹಚ್ಚಿಕೊಳ್ಳುತ್ತದೆ. ಪ್ರತಿ ಕರೆಯಲ್ಲೂ ಮುಂದಿನ ಕರೆ ಯಾವ ದಿನ, ಯಾವ ಹೊತ್ತು ಎಂದು ಕೇಳಿಕೊಳ್ಳುವುದನ್ನು ಮಾತ್ರ ಬಿಡಬೇಡಿ.

ಇಷ್ಟೆಲ್ಲ ಸರಿಯಿದ್ದೂ ಕರೆ ಬರದಿದ್ದರೆ? ಕೋರ್ಟಿಗೆ ಹಾಜರುಪಡಿಸಲು ಹೋಗಿರಬಹುದು, ಜಿಲ್ಲಾಸ್ಪತ್ರೆಗೆ ಸೇರಿಸಿರಬಹುದು, ಬೇರೆ ಜೈಲಿಗೆ ಕಳಿಸಿರಬಹುದು, ಶಿಸ್ತಿನ ಕಾರಣಕ್ಕೆ ಫೋನ್ ನಿಲ್ಲಿಸಿರಬಹುದು, ಅಥವಾ ಫೋನ್ ಯಂತ್ರವೇ ಕೆಟ್ಟಿರಬಹುದು. ಗುರುತಿನ ಚೀಟಿ ಹಿಡಿದು ಗೇಟಿಗೆ ಹೋಗಿ ಯುಟಿಪಿ ನಂಬರ್ ಹೇಳಿ ಕೇಳಿ. ಇದು ವಿಚಾರಣಾಧೀನ ಕೈದಿಗೆ ಜೈಲಿನಲ್ಲಿ ಕೊಡುವ ಸಂಖ್ಯೆ. ಈ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೇ ಬರೆದಿಟ್ಟುಕೊಳ್ಳಿ. ಬರೀ ಹೆಸರು ಹೇಳಿದರೆ ಅದೇ ಹೆಸರಿನವರು ಮೂರು ಜನ ಸಿಗುತ್ತಾರೆ. ಅಷ್ಟಕ್ಕೂ ಉತ್ತರ ಸಿಗದಿದ್ದರೆ ಅಧೀಕ್ಷಕರ ಹೆಸರಿಗೆ ಒಂದು ಪುಟದ ಅರ್ಜಿ ಬರೆದುಕೊಟ್ಟು ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ವಕೀಲರಿಗೂ ತಿಳಿಸಿ. ಮುಂದಿನ ತಾರೀಖಿನಲ್ಲಿ ಅವರು ನ್ಯಾಯಾಧೀಶರ ಗಮನಕ್ಕೆ ತರಬಹುದು.

ಮನೆಯವರನ್ನೂ ವಕೀಲರನ್ನೂ ಕಾಣುವುದು ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನೊಳಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1981ರಲ್ಲಿ ಫ್ರಾನ್ಸಿಸ್ ಕೊರಾಲಿ ಮುಲಿನ್ ಪ್ರಕರಣದಲ್ಲಿ ಹೇಳಿದೆ. ಫೋನಿಗೆ ನಿಯಮ ಇರಬಹುದು, ಮಿತಿ ಇರಬಹುದು. ಆದರೆ ನೀವು ಗೇಟಿನಲ್ಲಿ ನಿಂತು ಕೇಳುವುದು ಬೇಡಿಕೊಳ್ಳುವುದಲ್ಲ. ತಲೆ ಎತ್ತಿ ಕೇಳಿ, ಮರ್ಯಾದೆಯಿಂದ ಕೇಳಿ.

ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ 12ನೇ ಕಲಂ ಹೇಳುತ್ತದೆ. ನೀವು ದಾವಣಗೆರೆ ಜಿಲ್ಲೆಯವರಾದರೂ ಕೇಸು, ಜೈಲು ಎರಡೂ ಚಿತ್ರದುರ್ಗದಲ್ಲಿ ಇರುವುದಾದರೆ ಅಲ್ಲಿನ ಪ್ರಾಧಿಕಾರವೇ ನಿಮಗೆ ಹತ್ತಿರದ ದಾರಿ. ಮನೆಯಿಂದಲೇ ಕೇಳುವುದಾದರೆ 15100ಕ್ಕೆ ಫೋನ್ ಮಾಡಿ. ಕರೆಯ ದರ, ವಾರದ ಕರೆಗಳ ಸಂಖ್ಯೆ, ನಿಮಿಷದ ಮಿತಿ ಇವನ್ನು ಲಿಖಿತವಾಗಿ ಬೇಕೆಂದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಶುಲ್ಕವಿಲ್ಲ. 30 ದಿನದೊಳಗೆ ಉತ್ತರ ಬರಬೇಕು. ಅರ್ಜಿಯನ್ನು 150 ಪದದೊಳಗೆ, ಒಂದೇ ವಿಷಯಕ್ಕೆ ಸೀಮಿತವಾಗಿ ಬರೆಯಿರಿ. ಉದ್ದ ಬರೆದರೆ ವಾಪಸ್ ಬರುತ್ತದೆ.

ಫೋನಿನ ಜೊತೆಗೆ ವಿಡಿಯೊ ಭೇಟಿಗೂ ಪ್ರಯತ್ನಿಸಿ. ಕೂಲಿ ಬಿಟ್ಟು ಬಸ್ ಹತ್ತುವುದು ತಪ್ಪುತ್ತದೆ. ಕೇಂದ್ರದ ಇ-ಪ್ರಿಸನ್ಸ್ ಜಾಲತಾಣದಲ್ಲಿ ಇ-ಮುಲಾಖತ್ ಎಂಬ ಭಾಗವಿದೆ. ನಿಮ್ಮ ಹೆಸರು, ವಿಳಾಸ, ಗುರುತಿನ ಚೀಟಿಯ ಸಂಖ್ಯೆ, ಮೊಬೈಲ್, ಇಮೇಲ್, ಬೇಕಾದ ದಿನ, ಆಮೇಲೆ ರಾಜ್ಯ, ಜೈಲು, ಒಳಗಿರುವವರ ಹೆಸರು, ಅವರ ತಂದೆಯ ಹೆಸರು, ನಿಮ್ಮ ಸಂಬಂಧ ತುಂಬಬೇಕು. ಖುದ್ದು ಭೇಟಿಯೋ ವಿಡಿಯೊ ಭೇಟಿಯೋ ಎಂದು ಆರಿಸಬೇಕು. ತುಂಬಿದ ಮಾತ್ರಕ್ಕೆ ಭೇಟಿ ಖಾತ್ರಿಯಲ್ಲ. ಜೈಲಿನವರು ಒಪ್ಪಿದ ಮೇಲೆ ಸೇರಿಕೊಳ್ಳುವ ವಿವರ ನಿಮಗೆ ಬರುತ್ತದೆ. ಇಲ್ಲಿ ಕೆಡುವುದು ಹೆಸರಿನ ಕಾಗುಣಿತ. ಜೈಲಿನ ದಾಖಲೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಬಗೆ, ನೀವು ಇನ್ನೊಂದು ಬಗೆ. ತಿಪ್ಪೇಸ್ವಾಮಿ ಎಂಬ ಹೆಸರಿನಲ್ಲಿ ಪಿ ಎಷ್ಟು, ಎಚ್ ಎಲ್ಲಿ ಎಂದು ಗೊತ್ತಿಲ್ಲದೆ ಎಷ್ಟೋ ಅರ್ಜಿಗಳು ಬೀಳುತ್ತವೆ. ಜೈಲಿಗೆ ಕಳಿಸುವಾಗ ಕೋರ್ಟು ಕೊಟ್ಟ ರಿಮ್ಯಾಂಡ್ ಆದೇಶದಲ್ಲೋ ಎಫ್‌ಐಆರ್‌ನಲ್ಲೋ ಇರುವ ಅಕ್ಷರವನ್ನೇ ನೋಡಿ ಬರೆಯಿರಿ. ಸೈಬರ್ ಅಂಗಡಿಯವರ ಇಮೇಲ್ ಕೊಡಬೇಡಿ. ಉತ್ತರ ಅವರ ಪೆಟ್ಟಿಗೆಗೆ ಹೋಗಿ ಅಲ್ಲೇ ಉಳಿಯುತ್ತದೆ. ಓದುವ ಮಗನದೋ ಮಗಳದೋ ಕೊಡಿ, ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡಲು ಹೇಳಿ. ಭೇಟಿಯ ದಿನ 10 ನಿಮಿಷ ಮೊದಲೇ ಕ್ಯಾಮೆರಾ, ಮೈಕ್ ಅನುಮತಿ ಕೊಟ್ಟು ನೋಡಿ. ಅರ್ಜಿಯಲ್ಲಿ ಹೆಸರಿಲ್ಲದವರು ಪರದೆಯಲ್ಲಿ ಬರಬಾರದು, ರೆಕಾರ್ಡ್ ಮಾಡಿ ಸ್ಟೇಟಸ್‌ಗೆ ಹಾಕಬಾರದು.

ಇವೆಲ್ಲ ಕೂಡಿಬರಲು ಒಂದೆರಡು ವಾರ ಹಿಡಿಯಬಹುದು. ಅಷ್ಟರಲ್ಲಿ ಒಂದು ಇನ್‌ಲ್ಯಾಂಡ್ ಪತ್ರ ಹಾಕಿ. ಮೇಲೆ ಅವರ ಪೂರ್ತಿ ಹೆಸರು, ತಂದೆಯ ಹೆಸರು, ಯುಟಿಪಿ ನಂಬರ್, ಜಿಲ್ಲಾ ಕಾರಾಗೃಹ, ಚಿತ್ರದುರ್ಗ ಎಂದು ಬರೆಯಿರಿ. ಪತ್ರವನ್ನು ಅಲ್ಲಿ ಓದಿಯೇ ಕೊಡುತ್ತಾರೆ, ಹಾಗಾಗಿ ಅದರಲ್ಲೂ ಕೇಸಿನ ಮಾತು ಬೇಡ. ಅವತ್ತು ಎತ್ತಲಾಗಲಿಲ್ಲ, ಮುನಿಸಲ್ಲ ಎಂದು ಬರೆಯಿರಿ. ಒಳಗಿರುವವರು ಎತ್ತದ ಒಂದು ಫೋನಿನಿಂದ ಏನೇನೋ ಊಹಿಸಿಕೊಂಡು ಕೊರಗುತ್ತಾರೆ, ಕೆಲವರು ಮತ್ತೆ ಸರದಿ ಕೇಳುವುದನ್ನೇ ಬಿಡುತ್ತಾರೆ. ಅದರ ಕೆಳಗೆ ಎರಡೂ ನಂಬರುಗಳನ್ನು ಬಿಡಿಸಿ ಬರೆದು, ಯಾವ ಹೊತ್ತಿನಲ್ಲಿ ಫೋನ್ ಯಾರ ಕೈಯಲ್ಲಿರುತ್ತದೆ ಎಂದು ತಿಳಿಸಿ.